ಖಾಲಿ ಕೋಣೆಯನ್ನು ಅಣಿಮಾಡುವ ಬಗೆ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಕ್ವೇಕರರ ಪ್ರಾರ್ಥನೆಯ ಮನೆಯಾದ ಮೀಟಿಂಗ್ ಹೌಸಿನ ಬೀಗ ತೆಗೆದು ನಾನು ಮಾಡುವ ಮೊದಲ ಕೆಲಸ ಕಿಟಕಿ ತೆರೆಯುವುದು. ಎಂಥ ಚಳಿಯಿದ್ದರೂ ಸರಿ. ಶನಿವಾರ ಸಂಜೆ ಇದೇ ಕೋಣೆಯನ್ನು ಯೋಗ ತರಗತಿಗೆ ಬಾಡಿಗೆಗೆ ಕೊಟ್ಟಿರುತ್ತಾರೆ. ಯೋಗ ಹೇಳಿಕೊಡುವ ಇಂಗ್ಲಿಷ್ ಮಹಿಳೆ ಪುಟ್ಟದೊಂದು ಹಿತ್ತಾಳೆಯ ಗಣಪತಿಯನ್ನು ಕಿಟಕಿಯ ಅಂಚಿನಲ್ಲಿಟ್ಟು ಊದುಬತ್ತಿ ಹಚ್ಚುತ್ತಾರೆ. ಆ ಗಣಪತಿಯನ್ನು ಎತ್ತಿ ಅಲ್ಮೆರಾದೊಳಗಿಟ್ಟು, ಊದುಬತ್ತಿಯ ವಾಸನೆಯನ್ನು ಹೊರಗೆ ಅಟ್ಟುವ ಪಾಳಿ ತೀರ್ಥಹಳ್ಳಿ ಕಡೆಯವಳಾದ ನನ್ನದು. ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ನಾನಿರುವುದು ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ. ಕ್ವೇಕರರು ಎಂಬ ಕ್ರೈಸ್ತ ಪಂಗಡದವರ, ಮಾತಿಲ್ಲದೆ ಸೇರಿ ಕೂರುವ ಮೌನಸಭೆಗೆ ಹೋಗತೊಡಗಿ ಹನ್ನೆರಡು ವರ್ಷವಾಯಿತು. ಸದಸ್ಯಳಾಗಿಲ್ಲ. ಸದಸ್ಯತ್ವ ಪಡೆಯದೆ, ಆದರೂ ವಾರ ತಪ್ಪಿಸದೆ ಬರುವವರನ್ನು ಅವರು ‘ಅಟೆಂಡರ್’ ಎನ್ನುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದ ನನ್ನ ಅಣ್ಣನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವನು ನಕ್ಕು ನಕ್ಕು, “ಅಟೆಂಡರ್ ಆಗುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇ? ನಮ್ಮ ಕಚೇರಿಯಲ್ಲೇ ಎರಡು ಹುದ್ದೆ ಖಾಲಿ ಇದ್ದವು” ಎಂದ. ಬೀಗ ತೆಗೆಯುವುದು, ಕುರ್ಚಿ ಜೋಡಿಸುವುದು, ಚಹಾ ಕಾಸುವುದು ನೋಡಿದರೆ ಅವನ ಮಾತೇ ಸರಿ ಅನ್ನಿಸುತ್ತದೆ.

ಈಗ ನನ್ನ ಮಂಡಿ ಕೈಕೊಟ್ಟಿದೆ. ಪಾಳಿಗೆ ಹೊಸಬರು ಬರುತ್ತಿದ್ದಾರೆ. ಅವರಲ್ಲಿ ಬೆಳಗಾವಿ ಕಡೆಯ ಹುಡುಗಿಯೊಬ್ಬಳೂ ಇದ್ದಾಳೆ. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕೋಣೆಗೆ ಬರಿದೆ ನೋಡಲು ಹೋಗುವವರಿಗೂ ಇದು ಉಪಯೋಗಕ್ಕೆ ಬಂದೀತು. ನಮ್ಮ ಕಡೆಯ ನಾಲ್ಕಾರು ಕನ್ನಡದ ಮನೆಯವರು ಒಂದು ವರ್ಷ ಯುಗಾದಿಗೆ ಇದೇ ಜಾಗವನ್ನು ಬಾಡಿಗೆಗೆ ಹಿಡಿದಿದ್ದರು. ಒಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದು, ನಡುವೆ ನಿಂತು, “ಇವರ ಚರ್ಚು ಯಾವ ಕಡೆ?” ಎಂದು ಕೇಳಿದರು. ಅವರು ನಿಂತಿದ್ದೇ ಅದರೊಳಗೆ.

ಅವರ ತಪ್ಪೇನೂ ಇಲ್ಲ. ಕಣ್ಣಿಗೆ ಹಿಡಿಯಲು ಅಲ್ಲಿ ಏನೂ ಸಿಗುವುದಿಲ್ಲ. 17ನೆಯ ಶತಮಾನದ ನಡುವಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವನ ಜೊತೆಯವರು ಹೊರಟ ದಾರಿ ಅದು. ದೇವರ ಬೆಳಕು ಎಲ್ಲರೊಳಗೂ ಇದೆ, ನಡುವೆ ಪಾದ್ರಿ ಬೇಡ ಎಂದರು. ಪಾದ್ರಿ ಬೇಡವಾದ ಮೇಲೆ ಪಾದ್ರಿಗೆ ಬೇಕಾದ ಸಾಮಾನೂ ಬೇಡವಾಯಿತು. ಪೂಜಾವೇದಿಕೆ, ಉಪದೇಶದ ಎತ್ತರದ ಪೀಠ, ಶಿಲುಬೆ, ದೀಕ್ಷಾಸ್ನಾನದ ಕಲ್ಲುತೊಟ್ಟಿ, ಬಣ್ಣದ ಗಾಜು, ಗಂಟೆ, ಆರ್ಗನ್ ಎಲ್ಲವೂ ಹೋದವು. ಚರ್ಚ್ ಎಂಬ ಹೆಸರು ಸೇರಿದ ಜನಕ್ಕೆ ಸಲ್ಲಬೇಕು, ಕಟ್ಟಡಕ್ಕಲ್ಲ ಎಂಬುದು ಫಾಕ್ಸನ ಹಟ. ಊರಿನ ಚರ್ಚುಗಳನ್ನು ಅವನು ‘ಗೋಪುರದ ಮನೆ’ ಎಂದೇ ಕರೆಯುತ್ತಿದ್ದ. ತಮ್ಮ ಕಟ್ಟಡಕ್ಕೆ ಕ್ವೇಕರರು ಇಟ್ಟುಕೊಂಡ ಹೆಸರು ಬರೀ ಮೀಟಿಂಗ್ ಹೌಸ್, ಸೇರುವ ಮನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಾನು ಹೇಳುತ್ತಿರುವುದು ಬ್ರಿಟನ್ನಿನ ಮೌನಸಭೆಯವರ ರೀತಿ. ಜಗತ್ತಿನಲ್ಲಿ ಅತಿ ಹೆಚ್ಚು ಕ್ವೇಕರರಿರುವುದು ಕೆನ್ಯಾದಲ್ಲಿ. ಅಲ್ಲಿ ಪಾದ್ರಿ, ಪೀಠ, ಹಾಡು ಎಲ್ಲ ಉಂಟು. ಅಲ್ಲಿಗೆ ಈ ಬರಹ ಹಿಡಿದು ಹೋದರೆ ನನ್ನನ್ನು ಬೈಯಬೇಡಿ.

ಮೊದಲ ಪಾಳಿಯಲ್ಲಿ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. “ಮೇಜಿನ ಮೇಲೆ ಹೂವಿಡಿ” ಎಂದಷ್ಟೇ ಹೇಳಿದ್ದರು. ಗೌರಿ ಹಬ್ಬಕ್ಕೆ ಮಂಟಪ ಕಟ್ಟಿ ಬೆಳೆದ ಕೈ ಸುಮ್ಮನಿರುತ್ತದೆಯೇ? ಮನೆಯ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ತಂದೆ. ಜರಿಯಂಚಿನ ಹಸಿರು ರವಿಕೆ ಕಣವನ್ನು ಮೇಜಿಗೆ ಹಾಸಿದೆ. ಕೆಂಪು ಡೇಲಿಯಾ, ಹಳದಿ ಸೇವಂತಿಗೆ, ನಡುನಡುವೆ ಜರಿಗಿಡದ ಎಲೆ. ಬೈಬಲನ್ನು ಹೂವಿನ ಮುಂದೆ ತುಸು ಓರೆಯಾಗಿ ಒರಗಿಸಿ ನಿಲ್ಲಿಸಿದೆ. ಕೊನೆಗೆ ಮನಸ್ಸು ತಡೆಯದೆ ಎರಡು ಮೇಣದಬತ್ತಿಗಳನ್ನೂ ಅಕ್ಕಪಕ್ಕದಲ್ಲಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಒಂದು ಗಂಟೆಯ ಮೌನ ಮುಗಿದು ಚಹಾ ಕುಡಿಯುವಾಗ ಎಂಬತ್ತು ದಾಟಿದ ಹಿರಿಯರೊಬ್ಬರು ಹತ್ತಿರ ಬಂದು, “ಮೇಜು ಬಹಳ ಚೆನ್ನಾಗಿತ್ತು. ಇಡೀ ಗಂಟೆ ಅದನ್ನೇ ನೋಡುತ್ತ ಕುಳಿತಿದ್ದೆ” ಎಂದರು. ಹೊಗಳಿದರೆಂದು ಹಿಗ್ಗಿ ಮನೆಗೆ ಬಂದೆ. ರಾತ್ರಿ ಪಾತ್ರೆ ತೊಳೆಯುವಾಗ ಅವರ ಮಾತು ಅರ್ಥವಾಯಿತು.

ಅಂದಿನಿಂದ ನನ್ನ ಲೆಕ್ಕ ಬದಲಾಯಿತು. ನಮ್ಮಲ್ಲಿ ಅಣಿಮಾಡುವುದೆಂದರೆ ತಂದು ಇಡುವುದು. ಇಲ್ಲಿ ಅಣಿಮಾಡುವುದೆಂದರೆ ಕಣ್ಣನ್ನು ಯಾವುದು ಎಳೆಯುತ್ತಿದೆ ಎಂದು ಹುಡುಕಿ ಅದನ್ನು ಎತ್ತಿಡುವುದು. ತರುವುದಕ್ಕಿಂತ ಇದು ಹೆಚ್ಚು ಹೊತ್ತು ಹಿಡಿಯುತ್ತದೆ.

ಕಿಟಕಿ ತೆರೆದಾಯಿತು. ಇನ್ನು ಹೀಟರ್. ಒಂಬತ್ತೂವರೆಗೆ ಹಾಕಿ, ಹತ್ತು ಇಪ್ಪತ್ತಕ್ಕೆ ಆರಿಸಿ. ಸಭೆ ಹತ್ತೂವರೆಗೆ. ಕಾದ ಕೊಳವೆ ಆರುವಾಗ ಟಣ್ ಟಣ್ ಎನ್ನುತ್ತದೆ, ಸಭೆಗೆ ಮುಂಚಿನ ಹತ್ತು ನಿಮಿಷದಲ್ಲಿ ಆ ಸದ್ದು ಮುಗಿದುಬಿಡಲಿ. ಮಾತಿಲ್ಲದ ಕೋಣೆಯಲ್ಲಿ ಸಣ್ಣ ಸದ್ದಿಗೂ ಕೊಂಬು ಮೂಡುತ್ತದೆ. ಸೋರುವ ನಲ್ಲಿ, ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ, ಗೋಡೆಯ ಹಿಂದಿನ ಶೌಚಾಲಯದ ಫ್ಯಾನ್ ಎಲ್ಲವನ್ನೂ ಒಮ್ಮೆ ಸುತ್ತಿ ನೋಡಿ. ಒಳಗೆ ಹೋಗಿ ಐದು ನಿಮಿಷ ಒಬ್ಬರೇ ಕುಳಿತರೆ ಸದ್ದುಗಳೆಲ್ಲ ತಾವಾಗಿಯೇ ಹಾಜರಿ ಹಾಕುತ್ತವೆ.

ಈಗ ಕುರ್ಚಿ. ಇದೇ ದೊಡ್ಡ ಕೆಲಸ. ಈ ಕೋಣೆಯಲ್ಲಿ ಸಂಕೇತ ಎಂದು ಕರೆಯಬಹುದಾದದ್ದು ಏನಾದರೂ ಇದ್ದರೆ ಅದು ಕುರ್ಚಿಗಳು ಯಾವ ಕಡೆ ಮುಖ ಮಾಡಿವೆ ಎಂಬುದು.

ಹಳೆಯ ಕಾಲದಲ್ಲಿ ಹೀಗಿರಲಿಲ್ಲ. ಹಳೆಯ ಮೀಟಿಂಗ್ ಹೌಸಿಗೆ ಹೋದರೆ ಒಂದು ಗೋಡೆಗೆ ಹೊಂದಿಕೊಂಡು, ನೆಲಕ್ಕಿಂತ ಒಂದೆರಡು ಮೆಟ್ಟಿಲು ಎತ್ತರದಲ್ಲಿ, ಮುಂದೆ ಕಟಕಟೆಯಂಥ ಮರದ ತಡೆಯಿರುವ ಉದ್ದನೆಯ ಬೆಂಚು ಕಾಣುತ್ತದೆ. ಅದನ್ನು ‘ಸ್ಟ್ಯಾಂಡ್’ ಎನ್ನುತ್ತಾರೆ. ಎಲ್ಡರ್‌ಗಳು, ಎಂದರೆ ಸಭೆಯ ಪ್ರಾರ್ಥನೆಯ ಹೊಣೆ ಹೊತ್ತವರು, ಮತ್ತು ಮೌನದ ನಡುವೆ ಎದ್ದು ಮಾತನಾಡುವ ವರ ಇದೆಯೆಂದು ಸಭೆ ಗುರುತಿಸಿ ದಾಖಲಿಸಿದ್ದ ‘ಮಿನಿಸ್ಟರ್’ಗಳು ಅಲ್ಲಿ ಕೂರುತ್ತಿದ್ದರು, ಹೆಂಗಸರೂ ಗಂಡಸರೂ. ಉಳಿದವರು ಕೆಳಗಿನ ಬೆಂಚುಗಳಲ್ಲಿ ಅವರಿಗೆ ಎದುರಾಗಿ. ಪಾದ್ರಿ ಬೇಡವೆಂದವರ ಮನೆಯಲ್ಲೂ ಎತ್ತರದ ಆಸನವೊಂದು ಹೇಗೋ ನುಸುಳಿಕೊಂಡಿತ್ತು ಎನ್ನಿ. ಬ್ರಿಟನ್ನಿನಲ್ಲಿ ಹೀಗೆ ಮಿನಿಸ್ಟರ್‌ಗಳನ್ನು ದಾಖಲಿಸುವ ಪದ್ಧತಿ 1924ರಲ್ಲಿ ನಿಂತಿತು. ಸ್ಟ್ಯಾಂಡ್ ಮಾತ್ರ ಹಾಗೆಯೇ ಉಳಿದಿದೆ. ಎಷ್ಟೋ ಕಡೆ ಈಗ ಅದರ ಮೇಲೆ ಮಕ್ಕಳ ಚಿತ್ರದ ಪುಸ್ತಕ, ಕೊಡೆ, ಯಾರದೋ ಮರೆತ ಕೈಚೀಲ ಕೂತಿರುತ್ತವೆ.

ಈಗ ಕುರ್ಚಿಗಳನ್ನು ಚೌಕವಾಗಿಯೋ ದುಂಡಾಗಿಯೋ ಇಡುತ್ತಾರೆ. ಎಲ್ಲರ ಮುಖವೂ ಎಲ್ಲರಿಗೂ ಕಾಣಬೇಕು. ನಮ್ಮದು ಇಪ್ಪತ್ತು ಇಪ್ಪತ್ತೆರಡು ಜನರ ಸಭೆ. ನಾನು ಇಪ್ಪತ್ತನಾಲ್ಕು ಕುರ್ಚಿ ಹಾಕುತ್ತೇನೆ, ಚೌಕದ ನಾಲ್ಕೂ ಬದಿಗೆ ಆರಾರು, ಮೂರರ ಹಿಂದೆ ಮೂರು. ಮೂಲೆಗಳನ್ನು ಖಾಲಿ ಬಿಡಿ. ಒಳಗೆ ಬರುವವರಿಗೆ ಅದೇ ದಾರಿ. ಎದುರುಬದುರಿನ ಮಂಡಿಗಳ ನಡುವೆ ಕನಿಷ್ಠ ಎಂಟು ಅಡಿ ಇರಲಿ, ಹತ್ತಿರವಾದರೆ ಕಣ್ಣು ಕಣ್ಣಿಗೆ ತಾಗಿ ಜನ ನೆಲ ನೋಡತೊಡಗುತ್ತಾರೆ. ಹದಿನೈದು ಅಡಿ ದಾಟಿದರೆ ಆ ಬದಿಯ ಮುದುಕಿ ಹೇಳಿದ್ದು ಈ ಬದಿಯ ಮುದುಕನಿಗೆ ಕೇಳುವುದಿಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಕುರ್ಚಿ ಹಾಕಬೇಡಿ. ನಲವತ್ತು ಕುರ್ಚಿಯ ನಡುವೆ ಒಂಬತ್ತು ಜನ ಕೂತರೆ ಬಾರದವರ ಲೆಕ್ಕವೇ ಎದ್ದು ಕಾಣುತ್ತದೆ.

ಗಾಲಿಕುರ್ಚಿಯವರಿಗೆ ಜಾಗ ಬಿಡುವಾಗ ಸಾಲಿನ ಕೊನೆಯ ಕುರ್ಚಿಯನ್ನು ತೆಗೆಯುವುದು ಸುಲಭ. ಹಾಗೆ ಮಾಡಬೇಡಿ. ಸಾಲಿನ ನಡುವಿನ ಕುರ್ಚಿಯನ್ನು ತೆಗೆಯಿರಿ. ತುದಿಯಲ್ಲಿ ಕೂತವರು ಅತಿಥಿಯಂತೆ ಕಾಣುತ್ತಾರೆ, ನಡುವೆ ಕೂತವರು ಮನೆಯವರಂತೆ. ಎಲ್ಲ ಮುಗಿದ ಮೇಲೆ ಪ್ರತಿ ಬದಿಯ ಒಂದೊಂದು ಕುರ್ಚಿಯಲ್ಲಿ ಕುಳಿತು ನೋಡಿ. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿದೆಯೇ? ಹಿಂದಿನ ನೋಟಿಸ್ ಬೋರ್ಡಿನ ದಪ್ಪಕ್ಷರ ಓದುವಂತಿದೆಯೇ? ಒಮ್ಮೆ ನನ್ನ ಎದುರಿನ ಗೋಡೆಯಲ್ಲಿ ಬೆಂಕಿ ನಂದಿಸುವ ಸಿಲಿಂಡರಿನ ಸೂಚನೆ ಇತ್ತು. ಅದರ ಐದು ಸಾಲೂ ನನಗೀಗ ಬಾಯಿಪಾಠ.

ಬೆಂಚುಗಳಿರುವ ಮನೆಯಾದರೆ ನನಗೆ ಖುಷಿ. ನನ್ನ ತಂದೆ ಬಡಗಿ. ಮರ ಕಂಡರೆ ಮೊದಲು ಅಡಿಯಲ್ಲಿ ಕೈಯಾಡಿಸುವುದು ಅವರಿಂದ ಬಂದ ಚಾಳಿ. ಹಳೆಯ ಓಕ್ ಬೆಂಚಿನ ಮೇಲ್ಮೈ ಮುನ್ನೂರು ವರ್ಷದ ಉಣ್ಣೆ ಬಟ್ಟೆ ಉಜ್ಜಿ ಉಜ್ಜಿ ಗಾಜಿನಂತಾಗಿರುತ್ತದೆ. ಆದರೆ ಹಲಗೆಯ ಅಡಿಗೆ ಬೆರಳು ಹಾಕಿ ನೋಡಿ. ಕೀಸುಳಿ ಎಳೆದ ಸಣ್ಣ ಸಣ್ಣ ತೋಡುಗಳು ಹಾಗೆಯೇ ಸಿಗುತ್ತವೆ, ಯಾರೂ ಮುಟ್ಟದೆ ಬಿಟ್ಟದ್ದು. ಬೆನ್ನು ಒರಗುವ ಕಡೆ ಒಂದೋ ಎರಡೋ ಅಡ್ಡಪಟ್ಟಿ ಮಾತ್ರ. ಬಳ್ಳಿ, ಹೂವು, ದೇವದೂತ ಏನೂ ಇಲ್ಲ. ಹಾಗೆಂದು ಒರಟು ಕೆಲಸವೆಂದು ತಿಳಿಯಬೇಡಿ. ಕೈಯಿಡುವ ತುದಿಯ ಮೂಲೆಯನ್ನು ಬಡಗಿ ಒಂದೇ ಒಂದು ಓರೆ ಕೆತ್ತಿನಲ್ಲಿ ಮುರಿದಿರುತ್ತಾನೆ, ಅಂಗೈಗೆ ಚುಚ್ಚದಂತೆ. ಬೆಸುಗೆಯಲ್ಲಿ ಕೂದಲು ತೂರದು. ಕೆತ್ತನೆಯಿದ್ದರೆ ತಪ್ಪನ್ನು ಎಲೆಯ ಹಿಂದೆ ಮುಚ್ಚಬಹುದು, ಬೋಳು ಹಲಗೆಯಲ್ಲಿ ಮುಚ್ಚಲು ಜಾಗವಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅವರು ಹೇಳಿದ್ದು ನಮ್ಮೂರಿನ ಹಲಸಿನ ಮರದ ಮಣೆಯ ಬಗ್ಗೆ.

ಬೆಂಚು ಕಿರುಗುಟ್ಟಿದರೆ ಮೊಳೆ ಹೊಡೆಯಬೇಡಿ. ಹಳೆಯ ಓಕ್ ಸೀಳಿಬಿಡುತ್ತದೆ. ಯಾವ ಕೀಲು ಕೂಗುತ್ತದೆಂದು ಪತ್ತೆ ಮಾಡಿ, ಬಣ್ಣವಿಲ್ಲದ ಮೇಣದಬತ್ತಿಯ ತುಂಡನ್ನು ಆ ಸಂದಿಗೆ ತಿಕ್ಕಿ. ನಾಲ್ಕಾರು ತಿಂಗಳು ಬಾಯಿ ಮುಚ್ಚಿಕೊಂಡಿರುತ್ತದೆ. ಮೇಜಿನ ಮೇಲೆ ಇಡಬಾರದೆಂದು ನಾನು ಕಲಿತ ಮೇಣದಬತ್ತಿಗೆ ಹೀಗೊಂದು ಉಪಯೋಗ ಸಿಕ್ಕಿತು.

ಮೇಜಿನ ವಿಷಯಕ್ಕೆ ಬರೋಣ. ನಡುವೆ ಸಣ್ಣ ಮೇಜು, ಅದರ ಮೇಲೆ ಹೂವು, ಬೈಬಲ್, ಬ್ರಿಟನ್ನಿನ ಕ್ವೇಕರರ ಕೆಂಪು ರಟ್ಟಿನ ನಡೆನುಡಿಯ ಪುಸ್ತಕ, ಜೊತೆಗೆ ‘ಅಡ್ವೈಸಸ್ ಅಂಡ್ ಕ್ವೆರೀಸ್’ ಎಂಬ ಕೈಯಗಲದ ಕಿರುಹೊತ್ತಗೆ. ಅದರಲ್ಲಿ 42 ತುಣುಕುಗಳಿವೆ. ಬುದ್ಧಿಮಾತಿಗಿಂತ ಪ್ರಶ್ನೆಗಳೇ ಕಾಡುವಂಥವು. ಈ ಮೇಜಿಗೆ ಯಾವ ಪಾವಿತ್ರ್ಯವೂ ಇಲ್ಲ. ಆದರೆ ನಡುವೆ ಇಟ್ಟದ್ದು ತಾನಾಗಿಯೇ ದೇವರಾಗತೊಡಗುತ್ತದೆ, ನಮ್ಮ ಅರಳಿಕಟ್ಟೆಯ ಮೇಲೆ ಯಾರೋ ಇಟ್ಟುಹೋದ ಕಲ್ಲಿನಂತೆ. ಅದನ್ನು ತಡೆಯುವುದೇ ಪಾಳಿಯವರ ಕೆಲಸ. ಬಟ್ಟೆ ಹಾಸಬೇಡಿ. ಪುಸ್ತಕ ನಿಲ್ಲಿಸಬೇಡಿ, ಮಲಗಿಸಿ. ಯಾರಾದರೂ ಎತ್ತಿಕೊಂಡು ಓದಿ ಬೇರೆಡೆ ಇಟ್ಟರೂ ತಪ್ಪಿಲ್ಲವೆಂಬಂತೆ ಇರಲಿ. ಎರಡು ಮೂರು ಪ್ರತಿಗಳನ್ನು ಕುರ್ಚಿಗಳ ಮೇಲೆಯೇ ಬಿಡಿ. ಕೆಲವು ಸಭೆಗಳಲ್ಲಿ ಮೇಣದಬತ್ತಿ ಹಚ್ಚುವವರೂ ಇದ್ದಾರೆ. ನಿಮ್ಮ ಎಲ್ಡರ್‌ಗಳನ್ನು ಕೇಳದೆ ಹಚ್ಚಬೇಡಿ.

ಹೂವು ಯಾರದಾದರೂ ಹಿತ್ತಲಿನದಾಗಲಿ. ಪ್ಲಾಸ್ಟಿಕ್ ಸುತ್ತಿದ ಅಂಗಡಿಯ ಗುಚ್ಛ ಅಲ್ಲಿ ನೆಂಟರ ಮನೆಗೆ ಬಂದ ಹಾಗೆ ಮುಖ ಬಿಗಿದು ಕೂರುತ್ತದೆ. ಲಿಲ್ಲಿ ಹೂವು ತರಬೇಡಿ, ಮುಚ್ಚಿದ ಕೋಣೆಯಲ್ಲಿ ಅದರ ಗಮಲು ತಲೆಗೆ ಹಿಡಿಯುತ್ತದೆ. ಎತ್ತರದ ಲೆಕ್ಕ ಸುಲಭ: ಕುರ್ಚಿಯಲ್ಲಿ ಕೂತು ನೋಡಿದಾಗ ಎದುರಿನವರ ಗಲ್ಲ ಕಾಣಬೇಕು. ಜನವರಿಯಲ್ಲಿ ಏನೂ ಸಿಗದಾಗ ನಾನು ಎಲೆಯುದುರಿದ ಹೇಜಲ್ ಕಡ್ಡಿ ನಾಲ್ಕನ್ನು ಹಾಲಿನ ಜಗ್ಗಿನಲ್ಲಿ ಇಡುತ್ತೇನೆ. ಆ ಜಗ್ಗಿನ ಬಾಯಿ ಸ್ವಲ್ಪ ಚಕ್ಕೆಯೆದ್ದಿದೆ. ಬೆಳಗಿದ ಚೊಂಬು ಮನೆಯಲ್ಲೇ ಇದೆ, ಗೌರಿ ಹಬ್ಬಕ್ಕೆ.

ಗಡಿಯಾರ ಎಲ್ಲರಿಗೂ ಕಾಣುವ ಗೋಡೆಯಲ್ಲಿರುತ್ತದೆ. ಗಂಟೆ ಬಾರಿಸುವುದಿಲ್ಲ, ಆರಂಭವಾಯಿತೆಂದು ಯಾರೂ ಹೇಳುವುದೂ ಇಲ್ಲ. ಮೊದಲು ಬಂದು ಕೂತವರಿಂದಲೇ ಸಭೆ ಶುರು. ಒಂದು ಗಂಟೆಯ ಕೊನೆಗೆ ಇಬ್ಬರು ಎಲ್ಡರ್‌ಗಳು ಕೈ ಕುಲುಕುತ್ತಾರೆ, ಆ ಕುಲುಕು ಸುತ್ತ ಹರಡಿ ಸಭೆ ಮುಗಿಯುತ್ತದೆ. ಹಾಗಾಗಿ ಎಲ್ಡರ್ ಕೂರುವ ಕಡೆಯಿಂದ ಗಡಿಯಾರ ಕಾಣುತ್ತದೆಯೇ ಎಂದು ನೋಡಿಕೊಳ್ಳಿ. ಒಮ್ಮೆ ಬ್ಯಾಟರಿ ಮುಗಿದು ಹತ್ತು ಐವತ್ತಕ್ಕೆ ಮುಳ್ಳು ನಿಂತುಬಿಟ್ಟಿತ್ತು. ಎಂಬತ್ತು ನಿಮಿಷ ಕುಳಿತೆವು. ಅದನ್ನೇ ಆ ವರ್ಷದ ಅತಿ ಗಾಢವಾದ ಮೌನ ಎಂದು ಕೆಲವರು ಇಂದಿಗೂ ನೆನೆಯುತ್ತಾರೆ. ನಾನು ಬ್ಯಾಟರಿಯ ವಿಷಯ ಹೇಳಲು ಹೋಗಿಲ್ಲ.

ಬಾಗಿಲ ಬಳಿ ಒಬ್ಬರು ನಿಲ್ಲಬೇಕು. ತಡವಾಗಿ ಬಂದವರನ್ನು ಒಬ್ಬೊಬ್ಬರಾಗಿ ಬಿಡದೆ, ಸ್ವಲ್ಪ ಹೊತ್ತು ಕೂಡಿಹಾಕಿ, ಒಟ್ಟಿಗೆ ಒಳಗೆ ಕಳಿಸಬೇಕು. ಅವರಿಗಾಗಿ ಬಾಗಿಲ ಪಕ್ಕದ ಮೂರು ಕುರ್ಚಿಗಳನ್ನು ಮೊದಲೇ ಬಂದವರು ಹಿಡಿಯದಂತೆ ನೋಡಿಕೊಳ್ಳುವುದು ಒಂದು ಸಣ್ಣ ಯುದ್ಧ. ಕಿವಿಗೆ ಯಂತ್ರ ಹಾಕಿಕೊಂಡವರಿಗೆ ಮಾತು ನೇರ ಆ ಯಂತ್ರದಲ್ಲೇ ಕೇಳಿಸುವಂತೆ ಮಾಡುವ ಲೂಪಿನ ಸ್ವಿಚ್ಚನ್ನು ಮರೆಯಬೇಡಿ.

ಮೊಗಸಾಲೆಯ ಬಗ್ಗೆ ನನ್ನದೊಂದು ದೂರಿದೆ. ಒಳಗೆ ಸರಳತೆ ಸರಳತೆ ಎಂದು ಒಂದು ಚಿತ್ರವನ್ನೂ ಬಿಡದವರು ತಮ್ಮ ಸಕಲ ಸಾಮಾನನ್ನೂ ಹೊರಗಿನ ಮೊಗಸಾಲೆಯಲ್ಲಿ ತುಂಬುತ್ತಾರೆ. ಶಾಂತಿ ಮೆರವಣಿಗೆಯ ಕರಪತ್ರ, ನಿರಾಶ್ರಿತರಿಗೆ ಕಂಬಳಿ ಸಂಗ್ರಹದ ಡಬ್ಬ, ಮಾರಾಟಕ್ಕಿಟ್ಟ ಮುರಬ್ಬ, ಕಳೆದ ವರ್ಷದ ಸಭೆಯ ನೋಟಿಸು. ಅರಸೀಕೆರೆ ಜಂಕ್ಷನ್ನಿನಂತಿರುತ್ತದೆ. ಆದರೆ ಕ್ವೇಕರರ ಚಿಹ್ನೆ ಎನ್ನುವುದನ್ನು ನೋಡಬೇಕಾದರೆ ಅಲ್ಲಿಯೇ ಹುಡುಕಬೇಕು. ಹಳೆಯ ಭಿತ್ತಿಪತ್ರದ ಮೂಲೆಯಲ್ಲಿ ಕೆಂಪು ಕಪ್ಪಿನ ಎಂಟು ಮೊನೆಯ ನಕ್ಷತ್ರ ಕಂಡರೆ ಅದು ಅವರದು. 1870ರ ಫ್ರಾನ್ಸ್–ಪ್ರಷ್ಯಾ ಯುದ್ಧದಲ್ಲಿ ನೊಂದವರಿಗೆ ನೆರವು ಹೊತ್ತು ಹೋದಾಗ ಗುರುತಿಗೆಂದು ಹಚ್ಚಿಕೊಂಡದ್ದು. ಪ್ರಾರ್ಥನೆಯ ಕೋಣೆಯೊಳಗೆ ಆ ನಕ್ಷತ್ರಕ್ಕೆ ಪ್ರವೇಶವಿಲ್ಲ. ಗಾಡಿಗೆ, ತೋಳುಪಟ್ಟಿಗೆ, ಹಿಟ್ಟಿನ ಚೀಲಕ್ಕೆ ಮಾತ್ರ. 1947ರ ನೊಬೆಲ್ ಶಾಂತಿ ಪ್ರಶಸ್ತಿ ಬ್ರಿಟನ್ ಮತ್ತು ಅಮೆರಿಕದ ಕ್ವೇಕರ್ ಸೇವಾಸಂಸ್ಥೆಗಳಿಗೆ ಒಟ್ಟಾಗಿ ಬಂದದ್ದು ಇಂಥ ಕೆಲಸಕ್ಕೇ.

ಮೊಗಸಾಲೆಯ ಗೋಡೆಯಲ್ಲೋ ಒಳಗಿನ ಹಲಗೆಯಲ್ಲೋ ಮರದ ಗೂಟಗಳ ಸಾಲು ಕಂಡರೆ ಕೋಟು ತೂಗುಹಾಕುವ ಮುನ್ನ ಒಂದು ಕ್ಷಣ ನಿಲ್ಲಿ. ಅವು ಟೋಪಿಯ ಗೂಟಗಳು. ನಮಗೆಲ್ಲ ಕ್ವೇಕರ್ ಎಂದರೆ ಓಟ್ಸ್ ಡಬ್ಬಿಯ ಮೇಲಿನ ಟೋಪಿಯವನೇ ನೆನಪಾಗುವುದು. ಆ ಕಂಪನಿಗೂ ಇವರಿಗೂ ಸಂಬಂಧವಿಲ್ಲ, ಟೋಪಿ ಮಾತ್ರ ನಿಜ. ದೊಡ್ಡವರ ಎದುರು ಟೋಪಿ ತೆಗೆಯಬೇಕೆಂಬ ಕಾಲದಲ್ಲಿ ಇವರು ತೆಗೆಯಲಿಲ್ಲ. ಪ್ರಾರ್ಥನೆಯ ಮಾತು ಆಡುವಾಗ ದೇವರಿಗೆ ಮಾತ್ರ ತೆಗೆಯುತ್ತಿದ್ದರು. 1670ರಲ್ಲಿ ಲಂಡನ್ನಿನ ಮೀಟಿಂಗ್ ಹೌಸಿಗೆ ಸೈನಿಕರು ಬೀಗ ಜಡಿದಾಗ, ಮುಂದೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಕಟ್ಟಿದ ಕ್ವೇಕರ್ ವಿಲಿಯಂ ಪೆನ್ ಬೀದಿಯಲ್ಲೇ ನಿಂತು ಮಾತನಾಡಿ ಬಂಧನಕ್ಕೊಳಗಾದ. ನ್ಯಾಯಾಲಯದೊಳಗೆ ಅವನ ಟೋಪಿ ಯಾರೋ ತೆಗೆದಿದ್ದರು. ಮತ್ತೆ ತೊಡಿಸಲು ಆಜ್ಞೆಯಾಯಿತು, ತೊಟ್ಟ ಮೇಲೆ ಟೋಪಿ ತೊಟ್ಟಿದ್ದಕ್ಕೆ ದಂಡ ಹಾಕಿದರು. ಆ ಗೂಟಕ್ಕೆ ನಾನು ಈಗ ಒದ್ದೆ ಕೊಡೆ ತೂಗುಹಾಕುತ್ತೇನೆ.

ಇಷ್ಟು ತಿಳಿದರೆ ಹಳೆಯ ಮನೆಗಳನ್ನು ನೋಡಲು ಹೋಗಬಹುದು. ಹರ್ಟ್‌ಫರ್ಡಿನದು 1670ರದು. ಸಭೆಗೆಂದೇ ಕಟ್ಟಿ, ಅಂದಿನಿಂದ ಬಿಡದೆ ಬಳಕೆಯಲ್ಲಿರುವ ಮನೆಗಳಲ್ಲಿ ಅದೇ ಹಿರಿಯದು. ಗಮನಿಸಿ, ಇಂಥ ಸಭೆ ಸೇರುವುದೇ ಆಗ ಅಪರಾಧ. ಸಹಿಷ್ಣುತೆಯ ಕಾನೂನು ಬಂದದ್ದು 1689ರಲ್ಲಿ. ಹಾಗಾಗಿ ಈ ಮನೆಗಳೆಲ್ಲ ಹೊರಗಿನಿಂದ ರೈತನ ಮನೆಯಂತೆ, ಕಣಜದಂತೆ ಕಾಣುತ್ತವೆ. ಸರಳತೆಯ ಜೊತೆಗೆ ತುಸು ಜಾಣತನವೂ ಅದರಲ್ಲಿದ್ದಿರಬೇಕು ಎಂಬುದು ನನ್ನ ಗುಮಾನಿ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸೆಡ್‌ಬರ್ಗ್ ಬಳಿಯ ಬ್ರಿಗ್‌ಫ್ಲಾಟ್ಸ್, 1675ರದು. ಸುಣ್ಣ ಬಳಿದ ಗೋಡೆ, ಕಲ್ಲಿನ ಮುಖಮಂಟಪ, ಒಳಗೆ ಕಪ್ಪಿಟ್ಟ ಓಕ್. ಮೇಲಂತಸ್ತಿಗೆ ಹೋಗುವ ಮೆಟ್ಟಿಲ ಬುಡದಲ್ಲಿ ಮರದ ಸಣ್ಣ ಗೂಡೊಂದಿದೆ. ಬೀರುವೋ ದಾನದ ಪೆಟ್ಟಿಗೆಯೋ ಎಂದುಕೊಂಡೆ. ಅದು ನಾಯಿಗೂಡು. ಕುರಿ ಕಾಯುವವರು ನಾಯಿಗಳೊಂದಿಗೆ ಬಂದು, ಅವನ್ನು ಅಲ್ಲಿ ಬಿಟ್ಟು ಮೌನಕ್ಕೆ ಕೂರುತ್ತಿದ್ದರು. ಬಗ್ಗಿ ನೋಡಿದೆ. ಇಷ್ಟು ಜಾಗದಲ್ಲಿ ನಾಲ್ಕು ನಾಯಿ ಒಂದು ಗಂಟೆ ಬೊಗಳದೆ ಇದ್ದವೆಂದರೆ ನಾನು ನಂಬುವುದಿಲ್ಲ.

ಅಲ್ವರ್‌ಸ್ಟನ್ ಬಳಿಯ ಸ್ವಾರ್ತ್‌ಮೂರ್ ಮನೆಯ ಬಾಗಿಲ ಮೇಲೆ ಲ್ಯಾಟಿನ್ನಿನಲ್ಲಿ ‘ಜಿ. ಎಫ್. ದಾನ, 1688’ ಎಂಬ ಅರ್ಥದ ಬರಹ ಕೆತ್ತಿದೆ. ಜಾರ್ಜ್ ಫಾಕ್ಸನೇ ಕೊಟ್ಟದ್ದು. ನಮ್ಮ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆದೂ ಬರೆದೂ ಬೆಳಕೇ ಹೊರಗೆ ಬಾರದಂತಾಗಿದ್ದನ್ನು ನೋಡಿ ಬೆಳೆದವಳಿಗೆ ಆ ಎರಡಕ್ಷರ ನೋಡಿ ಸಮಾಧಾನವಾಯಿತು.

ಕೆಲವು ಕಡೆ ಕೋಣೆಯ ನಡುವೆ ಮೇಲೆ ಕೆಳಗೆ ಜಾರುವ, ಇಲ್ಲವೇ ಕೀಲಿನ ಮೇಲೆ ಮಡಚುವ ಮರದ ಪರದೆ ಇರುತ್ತದೆ. ಮೌನಕ್ಕೆ ಕೂರುವಾಗ ಅದು ತೆರೆದಿರುತ್ತಿತ್ತು. ವ್ಯವಹಾರದ ಸಭೆಗೆ ಮುಚ್ಚಿ, ಹೆಂಗಸರು ಒಂದು ಕಡೆ ತಮ್ಮದೇ ನಡಾವಳಿ ಬರೆದುಕೊಳ್ಳುತ್ತಿದ್ದರು, ಗಂಡಸರು ಇನ್ನೊಂದು ಕಡೆ. ಹಲಗೆಯ ಅಂಚಿನಲ್ಲಿ ಹಗ್ಗ ಉಜ್ಜಿದ ಗೀರು ಸಿಗುತ್ತದೆಯೇ ನೋಡಿ. ಇನ್ನು ಕಿಟಕಿ: ಬಣ್ಣವಿಲ್ಲದ ಗಾಜು, ಹಲವು ಕಡೆ ಕೂತವರ ತಲೆಗಿಂತ ಮೇಲೆ, ಬೀದಿ ಕಾಣದಂತೆ, ಬೆಳಕು ಮಾತ್ರ ಇಳಿಯುವಂತೆ. ಪೂರ್ವಕ್ಕೆ ಮುಖ ಮಾಡಬೇಕೆಂಬ ನೇಮ ಇವರಿಗಿಲ್ಲ. ವಾಸ್ತು ನೋಡುವವರು ನಿರಾಶರಾಗುತ್ತಾರೆ.

ಲಂಡನ್ನಿಗೆ ಬಂದವರು ಯೂಸ್ಟನ್ ನಿಲ್ದಾಣದ ಎದುರಿನ, ಬ್ರಿಟನ್ನಿನ ಕ್ವೇಕರರ ಕೇಂದ್ರ ಕಚೇರಿಯಾದ ಫ್ರೆಂಡ್ಸ್ ಹೌಸ್ ನೋಡಬಹುದು. ಹ್ಯೂಬರ್ಟ್ ಲಿಡ್‌ಬೆಟರ್ ವಿನ್ಯಾಸ, 1927. ದೊಡ್ಡದು, ಅಚ್ಚುಕಟ್ಟು, ಕಾಫಿ ಸಿಗುತ್ತದೆ. ಹ್ಯೂಸ್ಟನ್ನಿನ ಕನ್ನಡಿಗರಿಗೆ ಇನ್ನೂ ಚೆಂದದ್ದು ಹತ್ತಿರವಿದೆ. ಲೈವ್ ಓಕ್ ಮೀಟಿಂಗ್ ಹೌಸಿನ ಚಾವಣಿಯಲ್ಲಿ ಕಲಾವಿದ ಜೇಮ್ಸ್ ಟರೆಲ್, ತಾನೂ ಕ್ವೇಕರ್ ಮನೆಯವನೇ, ಚೌಕವಾಗಿ ಆಕಾಶವನ್ನೇ ತೆರೆದಿಟ್ಟಿದ್ದಾನೆ. ನಮ್ಮ ಪಕ್ಕದ ಕೇರಳದಲ್ಲಿ ಗಾರೆ ಬಳಿಯದ ಇಟ್ಟಿಗೆ ಗೋಡೆಯ, ಜಾಲಂಧ್ರದ ಮನೆಗಳನ್ನು ಕಟ್ಟಿದ ಲಾರಿ ಬೇಕರ್ ಕೂಡ ಕ್ವೇಕರ್. ಗೋಡೆ ಇಟ್ಟಿಗೆಯಾದರೆ ಇಟ್ಟಿಗೆಯಾಗಿಯೇ ಕಾಣಲಿ ಎಂಬ ಆ ಹಟ ಎಲ್ಲಿಯದೆಂದು ನನಗೆ ಗೊತ್ತಾದದ್ದು ಓಕ್ ಬೆಂಚಿನ ಅಡಿಗೆ ಕೈ ಹಾಕಿದ ಮೇಲೆ.

ಹೊರಗೆ ಸ್ಮಶಾನವಿದ್ದರೆ ಒಂದು ಸುತ್ತು ಹಾಕಿ. ಮೊಣಕಾಲೆತ್ತರದ ಒಂದೇ ಅಳತೆಯ ಕಲ್ಲುಗಳು, ಹೆಸರು ಮತ್ತು ದಿನಾಂಕ, ಅಷ್ಟೇ. ಬಹುಕಾಲ ಅದೂ ಇರಲಿಲ್ಲ. ಕಲ್ಲು ನೆಡುವುದೇ ಆಡಂಬರವೆಂದು ಹಳಬರು ತಡೆದಿದ್ದರು, 1850ರಲ್ಲಿ ಒಪ್ಪಿಗೆಯಾಯಿತು. ಜೋರ್ಡನ್ಸ್ ಎಂಬ ಇಂಗ್ಲೆಂಡಿನ ಹಳ್ಳಿಯಲ್ಲಿ ಆ ಪೆನ್ನನ ಕಲ್ಲೂ ಪಕ್ಕದವರ ಕಲ್ಲಿನಷ್ಟೇ ಎತ್ತರ. ತಿಂಗಳಿಗೆ ಹೆಸರಿನ ಬದಲು ಸಂಖ್ಯೆ ಕಂಡರೆ ಗಾಬರಿಯಾಗಬೇಡಿ. ವಾರ, ತಿಂಗಳುಗಳ ಹೆಸರಿನಲ್ಲಿ ಹಳೆಯ ದೇವತೆಗಳಿವೆಯೆಂದು ಇವರು ಅವನ್ನು ಬಳಸುತ್ತಿರಲಿಲ್ಲ. ಭಾನು, ಸೋಮ, ಮಂಗಳ ಎನ್ನುವ ನಾವು ಏನು ಮಾಡುತ್ತಿದ್ದೆವೋ! ಹಳೆಯ ಕಡತ ಓದುವವರು ಒಂದು ನೆನಪಿಡಿ: 1752ಕ್ಕೆ ಮುಂಚಿನ ‘ಒಂದನೆಯ ತಿಂಗಳು’ ಎಂದರೆ ಮಾರ್ಚ್, ಸುಮಾರು ನಮ್ಮ ಚೈತ್ರ.

ಸಭೆ ಮುಗಿದು, ಚಹಾ ಆಗಿ, ಜನ ಹೊರಟ ಮೇಲೆ ಮುಚ್ಚುವ ಕೆಲಸ. ಹೂವನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ, ಆ ವಾರ ಬರಲಾಗದೆ ಮಲಗಿರುವವರ ಮನೆಗೆ ಯಾರ ಕೈಯಲ್ಲಾದರೂ ಕಳಿಸಿ. ಪುಸ್ತಕಗಳನ್ನು ಎಣಿಸಿ, ಒಂದು ಕಡಿಮೆಯಾದರೆ ಯಾರೋ ಓದಲು ಒಯ್ದಿದ್ದಾರೆ, ಹುಡುಕಬೇಡಿ. ಕುರ್ಚಿಗಳನ್ನು ಗೋಡೆಗೆ ಸೇರಿಸಿ, ಆರಕ್ಕಿಂತ ಹೆಚ್ಚು ಪೇರಿಸಬೇಡಿ. ಜಗ್ಗನ್ನು ತೊಳೆದು ಅಲ್ಮೆರಾದ ಎರಡನೆಯ ಅರೆಯಲ್ಲಿ ಬೋರಲು ಹಾಕಿ. ಪಕ್ಕದಲ್ಲೇ ಗ್ಲಾಸು ಒರೆಸುವ ಬಟ್ಟೆಯ ಮೇಲೆ ಗಣಪತಿ ಕೂತಿರುತ್ತದೆ, ನೀರು ಸಿಡಿಯದಂತೆ ನೋಡಿಕೊಳ್ಳಿ. ಶನಿವಾರ ಆ ಮಹಿಳೆ ಬಂದು ಮೊದಲು ಹುಡುಕುವುದು ಅದನ್ನೇ.